ಕೆಳಗೆ ಜನ ಇದ್ದಾರೆ: ಮುಳುಗಿದ ಸಬ್‌ಮರೀನ್‌ನಿಂದ ಸಿಬ್ಬಂದಿಯನ್ನು ಮೇಲೆ ತರುವುದು ಹೇಗೆ

ಮಲ್ಪೆ ಬಂದರಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಬೋಟುಗಳ ಬ್ಯಾಟರಿ, ಡೈನಮೋ, ವೈರ್‌ಲೆಸ್ ಸೆಟ್ ರಿಪೇರಿ ಮಾಡುತ್ತೇನೆ. ಅದಕ್ಕೂ ಮೊದಲು 15 ವರ್ಷ ನೌಕಾಪಡೆಯಲ್ಲಿದ್ದೆ. ಹೆಚ್ಚಿನ ವರ್ಷ ಸಬ್‌ಮರೀನ್‌ನಲ್ಲೇ, ಎಲೆಕ್ಟ್ರಿಕಲ್ ಕೆಲಸ. ಸಂಜೆ ಹೊತ್ತು ಅಗ್ನಿವೀರ್ ಪರೀಕ್ಷೆಗೆ ಓದುವ ನಾಲ್ಕೈದು ಹುಡುಗರು ಅಂಗಡಿಗೆ ಬಂದು ಕೂರುತ್ತಾರೆ. ಅಕ್ಕನ ಮಗ ಅವರಲ್ಲೊಬ್ಬ. ಅವನಿಗೆ ಸಬ್‌ಮರೀನ್ ಸೇರುವ ಆಸೆ. ಮೊನ್ನೆ ಅಕ್ಕನೇ ಬಂದಳು. ಮೀನಿನ ಚೀಲ ಕೆಳಗಿಟ್ಟು ನೇರವಾಗಿ ಕೇಳಿದಳು.

“ಅದು ಮುಳುಗಿ ಕೂತ್ರೆ ಒಳಗಿದ್ದವರನ್ನು ತೆಗೀಲಿಕ್ಕೆ ಆಗ್ತದಾ? ಸುಮ್ನೆ ಸಮಾಧಾನಕ್ಕೆ ಹೇಳ್ಬೇಡ.”

“ಆಗ್ತದೆ ಅಕ್ಕ. ತೆಗೆದಿದ್ದಾರೆ. ಆದ್ರೆ ಎಲ್ಲಾ ಕಡೆ ಆಗುದಿಲ್ಲ,” ಅಂದೆ.

ಗಿರಾಕಿಗಳು ಕಾಯುತ್ತಿದ್ದರು. ಮಾತು ಅಲ್ಲಿಗೇ ನಿಂತಿತು. ಅವಳಿಗೂ ಹುಡುಗರಿಗೂ ಪೂರ್ತಿ ಉತ್ತರ ಕೊಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಕೊನೆಯಲ್ಲಿ ನಮ್ಮ ಬೋಟಿನವರು ಮಾಡಬೇಕಾದ ಕೆಲಸವೂ ಇದೆ. ದಯವಿಟ್ಟು ಅದನ್ನು ಬಿಡಬೇಡಿ.

ಮೊದಲು ಆಳದ ಲೆಕ್ಕ

ನಮ್ಮ ಕಡೆ ಆಳವನ್ನು ಮಾರಿನಲ್ಲಿ ಹೇಳುವುದು. ಒಂದು ಮಾರು ಅಂದರೆ ಸುಮಾರು ಆರು ಅಡಿ. ಐದೂವರೆ ಮಾರು, ಅಂದರೆ 10 ಮೀಟರ್ ಇಳಿದರೆ, ನಮ್ಮ ಮೇಲೆ ಸದಾ ಇರುವ ಗಾಳಿಯ ಭಾರದಷ್ಟೇ ಭಾರ ಇನ್ನೊಮ್ಮೆ ಸೇರುತ್ತದೆ. ಮತ್ತೆ 10 ಮೀಟರ್ ಇಳಿದರೆ ಮತ್ತೊಮ್ಮೆ.

“ಬಾಗಿಲು ತೆಗೆದು ಈಜಿಕೊಂಡು ಬಂದ್ರೆ ಆಯ್ತಲ್ವಾ?” ಅಂತ ಹುಡುಗರು ಕೇಳುತ್ತಾರೆ. 100 ಮೀಟರ್ ಆಳದಲ್ಲಿ 60 ಸೆಂಟಿಮೀಟರ್ ಅಗಲದ ಒಂದು ದುಂಡು ಹ್ಯಾಚ್, ಅಂದರೆ ಹತ್ತಿ ಇಳಿಯುವ ಬಾಗಿಲಿನ ಮುಚ್ಚಳದ ಮೇಲೆ ನೀರು ಸುಮಾರು 28 ಟನ್ ಭಾರ ಹಾಕುತ್ತದೆ. ಲೋಡ್ ತುಂಬಿದ ಹತ್ತು ಚಕ್ರದ ಲಾರಿಯನ್ನು ಆ ಮುಚ್ಚಳದ ಮೇಲೆ ನಿಲ್ಲಿಸಿದ ಹಾಗೆ. ಒಳಗಿನಿಂದ ಯಾರು ತಳ್ಳಿದರೂ ಅದು ಅಲುಗುವುದಿಲ್ಲ.

ಆಳ ಇನ್ನೂ ಜಾಸ್ತಿಯಾದರೆ ಸಬ್‌ಮರೀನ್‌ನ ಉಕ್ಕಿನ ಗೋಡೆಯೇ ತಾಳುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ನಂಗಾಲಾ ಬಾಲಿಯ ಉತ್ತರಕ್ಕೆ 53 ಜನರೊಂದಿಗೆ ಮುಳುಗಿತು. ಸಿಕ್ಕಿದ್ದು 838 ಮೀಟರ್ ಆಳದಲ್ಲಿ, ಒಡೆದು ಚೂರಾಗಿ. 2017ರ ನವೆಂಬರ್‌ನಲ್ಲಿ ಅರ್ಜೆಂಟೀನಾದ ಸಾನ್ ಹುವಾನ್ 44 ಜನರೊಂದಿಗೆ ಹೋಯಿತು. ಒಂದು ವರ್ಷದ ನಂತರ 907 ಮೀಟರ್ ಕೆಳಗೆ ಕಂಡಿತು. ಅಂಥ ಕಡೆ ರಕ್ಷಿಸಲು ಯಾರೂ ಉಳಿದಿರುವುದಿಲ್ಲ. ಅಕ್ಕನಿಗೆ ನಾನು ಹೇಳಲೇಬೇಕಾದ ಕಷ್ಟದ ಮಾತು ಇದು.

ಆದರೆ ದಡದಿಂದ ಬಹುದೂರದವರೆಗೆ ಕಡಲಿನ ತಳ ನಿಧಾನವಾಗಿ ಇಳಿಯುತ್ತದೆ. ನಮ್ಮ ಆಳಸಮುದ್ರದ ಬೋಟುಗಳು ಬಲೆ ಎಳೆಯುವ ಜಾಗ ಅದು. ಅಲ್ಲಿ ಮುಳುಗಿದರೆ ಗೋಡೆ ಗಟ್ಟಿಯಾಗಿ ಉಳಿಯಬಹುದು. ಒಳಗೆ ಒಂದೋ ಎರಡೋ ಕೋಣೆ ಒಣಗಿರಬಹುದು. ಅಲ್ಲಿ ಜನ ಬದುಕಿರುತ್ತಾರೆ. ಇನ್ನು ಮುಂದೆ ನಾನು ಹೇಳುವುದೆಲ್ಲ ಅವರ ಬಗ್ಗೆ.

ಒಳಗಿದ್ದವರು ಮಾಡಬೇಕಾದ್ದು

ರಕ್ಷಣೆ ಕೆಳಗಿನಿಂದ ಶುರುವಾಗುತ್ತದೆ. ಮೇಲಿನವರು ಬಂದು ಮುಟ್ಟಲು ದಿನಗಳು ಬೇಕು. ಆ ದಿನಗಳನ್ನು ಒಳಗಿದ್ದವರೇ ಸಂಪಾದಿಸಬೇಕು.

ಮೊದಲ ಕೆಲಸ, ನೀರು ತಡೆಯುವ ಬಾಗಿಲು ಮುಚ್ಚುವುದು. ಆಚೆ ಜೊತೆಗಾರರು ಇದ್ದರೂ ಮುಚ್ಚಬೇಕಾಗುತ್ತದೆ. ಇದನ್ನು ಬರೆಯುವುದೂ ಕಷ್ಟ. 1939ರಲ್ಲಿ ಅಮೆರಿಕದ ಸ್ಕ್ವಾಲಸ್ ಮುಳುಗಿದಾಗ ಲಾಯ್ಡ್ ಮೇನೆಸ್ ಎಂಬ ನಾವಿಕ ಆ ಭಾರದ ಬಾಗಿಲನ್ನು ಹಿಡಿದುಕೊಂಡು, ಓಡಿಬಂದವರನ್ನು ಈಚೆ ಬಿಟ್ಟು, ನೀರು ಏರಿದಾಗ ಮುಚ್ಚಿದ. ಮುಚ್ಚದಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಆಮೇಲೆ ತಲೆ ಎಣಿಸಿ. ಯಾರಿದ್ದಾರೆ, ಯಾರಿಗೆ ಗಾಯ, ಟಾರ್ಚ್ ಎಷ್ಟು, ನೀರು ಎಷ್ಟು, ಗಾಳಿಯ ಒತ್ತಡ ಎಷ್ಟು, ಗಂಟೆ ಎಷ್ಟು. ಎಲ್ಲ ಬರೆದಿಡಿ. ಒಬ್ಬರು ಹಿರಿಯರು ಹೇಳಿದ್ದನ್ನು ಉಳಿದವರು ಕೇಳಬೇಕು.

ಈಗ ಉಸಿರಿನ ಲೆಕ್ಕ. ಆಮ್ಲಜನಕ ಮುಗಿದು ಸಾಯುತ್ತಾರೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಅದಕ್ಕಿಂತ ಮೊದಲು ಕೊಲ್ಲುವುದು ನಾವೇ ಬಿಟ್ಟ ಉಸಿರು, ಅದರಲ್ಲಿನ ಕಾರ್ಬನ್ ಡೈಆಕ್ಸೈಡ್. ಸುಮ್ಮನೆ ಮಲಗಿದ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಬಿಡುತ್ತಾನೆ. 30 ಜನ ಇದ್ದರೆ 600 ಲೀಟರ್. ಅವರು 200 ಘನ ಮೀಟರ್ ಗಾಳಿ ಇರುವ ಕೋಣೆಯಲ್ಲಿದ್ದರೆ ಗಂಟೆಗೆ 0.3 ಶೇಕಡಾ ಏರುತ್ತದೆ. ಹತ್ತು ಗಂಟೆಯಲ್ಲಿ ಶೇಕಡಾ 3. ಅಷ್ಟಾದರೆ ತಲೆ ಸಿಡಿಯುತ್ತದೆ, ಉಸಿರು ಜೋರಾಗುತ್ತದೆ. ಶೇಕಡಾ 6ರ ಹತ್ತಿರ ತಲೆ ಓಡುವುದೇ ನಿಲ್ಲುತ್ತದೆ. ನೀರು ನುಗ್ಗಿ ಒಳಗಿನ ಗಾಳಿ ಒತ್ತಿಕೊಂಡು ಒತ್ತಡ ಎರಡು ಪಟ್ಟಾಗಿದ್ದರೆ, ಶೇಕಡಾ 3 ಇದ್ದದ್ದೇ 6ರ ಹಾಗೆ ಕೆಲಸ ಮಾಡುತ್ತದೆ.

ಎದ್ದು ಓಡಾಡಿದರೆ, ಕೂಗಿದರೆ, ಅತ್ತರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ಮಲಗಬೇಕು. ಮಾತು ಕಡಿಮೆ ಮಾಡಬೇಕು. ಮೈ ಬೆಚ್ಚಗಿಡಬೇಕು, ನಡುಗಿದರೂ ಉಸಿರು ಖರ್ಚು. ನಿದ್ದೆ ಬಂದರೆ ನಿದ್ದೆ ಮಾಡಬೇಕು, ಒಬ್ಬರು ಮಾತ್ರ ಎಚ್ಚರ ಇರಬೇಕು. 1973ರಲ್ಲಿ ಐರ್ಲೆಂಡ್ ಕಡಲಲ್ಲಿ ಪೈಸಿಸ್-3 ಎಂಬ ಪುಟ್ಟ ಸಬ್‌ಮರ್ಸಿಬಲ್ 480 ಮೀಟರ್ ತಳಕ್ಕೆ ಬಿತ್ತು. ಒಳಗಿದ್ದ ರೋಜರ್ ಚಾಪ್ಮನ್ ಮತ್ತು ರೋಜರ್ ಮಾಲಿನ್ಸನ್ ಮೂರು ದಿನಕ್ಕೂ ಜಾಸ್ತಿ ಹೊತ್ತು ಹೀಗೇ ಮಾತು ಬಿಟ್ಟು ಮಲಗಿ ಕಾದರು. ಇಬ್ಬರೂ ಬದುಕಿ ಬಂದರು.

ಕಾರ್ಬನ್ ಡೈಆಕ್ಸೈಡ್ ಹೀರುವುದಕ್ಕೆ ಲಿಥಿಯಂ ಹೈಡ್ರಾಕ್ಸೈಡ್ ಪರದೆಗಳು ಇರುತ್ತವೆ. ಬಟ್ಟೆ ಒಣಹಾಕಿದ ಹಾಗೆ ತೂಗುಹಾಕಿದರೆ ಸಾಕು, ಕರೆಂಟ್ ಬೇಡ. ಅದರ ಪುಡಿ ಕಣ್ಣಿಗೆ, ಗಂಟಲಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಆಮ್ಲಜನಕಕ್ಕೆ ಉರಿಸುವ ಕ್ಯಾಂಡಲ್ ಅಥವಾ ರಾಸಾಯನಿಕ ಬಿಲ್ಲೆಗಳಿರುತ್ತವೆ. ಇವನ್ನು ಎಣ್ಣೆ ತಾಗಿದ ಕೈಯಿಂದ ಮುಟ್ಟಲೇಬಾರದು. ರಷ್ಯಾದ ಕುರ್ಸ್ಕ್ 2000ದ ಆಗಸ್ಟ್ 12ರಂದು 108 ಮೀಟರ್, ಅಂದರೆ 59 ಮಾರು ಆಳದಲ್ಲಿ ಕೂತಿತು. 118 ಜನರಲ್ಲಿ 23 ಮಂದಿ ಹಿಂದಿನ ಒಂಬತ್ತನೇ ಕೋಣೆಗೆ ಸೇರಿ ಬದುಕಿದ್ದರು. ದಿಮಿತ್ರಿ ಕೊಲೆಸ್ನಿಕೊವ್ ಎಂಬ ಅಧಿಕಾರಿ ಕತ್ತಲಲ್ಲೇ ಅವರ ಹೆಸರು ಬರೆದಿಟ್ಟ. ಅಂಥದೊಂದು ಆಮ್ಲಜನಕದ ಬಿಲ್ಲೆ ಎಣ್ಣೆ ತೇಲುತ್ತಿದ್ದ ನೀರಿಗೆ ತಾಗಿ ಬೆಂಕಿ ಹೊತ್ತಿಕೊಂಡಿತು. ಉಳಿದಿದ್ದ ಉಸಿರನ್ನು ಆ ಬೆಂಕಿ ತಿಂದಿತು.

ತರಬೇತಿಯ ಒಂದು ದಿನ ನನಗೆ ಈಗಲೂ ನೆನಪಿದೆ. 53 ಸೆಂಟಿಮೀಟರ್ ಅಗಲದ ಟಾರ್ಪಿಡೊ ಕೊಳವೆಯೊಳಗೆ ತೆವಳಿ ಹೋಗಬೇಕಿತ್ತು. ಮುಖಕ್ಕೆ ಮಾಸ್ಕ್, ಹಿಂದೆ ಬಾಗಿಲು ಮುಚ್ಚಿದ ಸದ್ದು. ನೀರು ಕಾಲಿನಿಂದ ಏರತೊಡಗಿತು. ನನ್ನ ಉಸಿರು ಜೋರಾಯಿತು. ಆಗ ಹೊರಗಿನಿಂದ ಇನ್‌ಸ್ಟ್ರಕ್ಟರ್ ಕೊಳವೆಗೆ ತಟ್ಟಿದರು. ನಾನು ಒಳಗಿನಿಂದ ತಟ್ಟಿ ಉತ್ತರ ಕೊಡಬೇಕಿತ್ತು. ಆ ತಟ್ಟು ಕೇಳಿದ ಕ್ಷಣಕ್ಕೆ ಉಸಿರು ತಾನಾಗಿ ನಿಧಾನವಾಯಿತು. ಹೊರಗೆ ಯಾರೋ ಇದ್ದಾರೆ ಅಂತ ಗೊತ್ತಾದರೆ ಮೈ ಎಷ್ಟು ಬದಲಾಗುತ್ತದೆ ಅಂತ ಅವತ್ತು ತಿಳಿಯಿತು.

ಎಲ್ಲಿದ್ದೇವೆ ಅಂತ ಹೇಳುವುದು

ಸಬ್‌ಮರೀನ್ ಹೊತ್ತಿಗೆ ಸರಿಯಾಗಿ ವರದಿ ಮಾಡದಿದ್ದರೆ ದಡದಲ್ಲಿ ಗಂಟೆ ಬಾರಿಸುತ್ತದೆ. ಮೊದಲು ಹುಡುಕಾಟ, ಆಮೇಲೆ ಕಾಣೆ, ಕೊನೆಗೆ ಮುಳುಗಿದೆ ಅಂತ ಹಂತ ಹಂತವಾಗಿ ಎಚ್ಚರಿಕೆ ಏರುತ್ತದೆ. ಒಳಗಿದ್ದವರು ಇದಕ್ಕೆ ಕಾಯಬಾರದು. ತುರ್ತು ಬೆಂಡನ್ನು ಬಿಡಬೇಕು. ನಾವು ಬಲೆಗೆ ಕಟ್ಟುವ ಬೆಂಡಿನ ಹಾಗೇ ಅದು ತೇಲಿ ನಿಲ್ಲುತ್ತದೆ. ಮೇಲೆ ಮಿನುಗುವ ದೀಪ, ರೇಡಿಯೊ. ಕೆಲವಕ್ಕೆ ಕೆಳಗಿನಿಂದ ತಂತಿಯೂ ಇರುತ್ತದೆ. ಕುರ್ಸ್ಕ್‌ನ ಬೆಂಡು ಮೇಲೆ ಬರಲೇ ಇಲ್ಲ.

ನೀರಿನೊಳಗೆ ಮಾತಾಡುವ ಫೋನ್ ಇದೆ. ತಂತಿ ಇಲ್ಲ, ದನಿ ನೀರಿನಲ್ಲೇ ಹೋಗುತ್ತದೆ. ಅದೂ ಕೆಟ್ಟರೆ ಸುತ್ತಿಗೆ. ಗೋಡೆಗೆ ಹೊಡೆದ ಸದ್ದು ನೀರಿನಲ್ಲಿ ಬಹುದೂರ ಕೇಳುತ್ತದೆ. ಸುಮ್ಮನೆ ಹೊಡೆಯುತ್ತಾ ಕೂರಬಾರದು, ಅದೂ ಉಸಿರು. ಗೊತ್ತುಮಾಡಿದ ಹೊತ್ತಿಗೆ, ಗೊತ್ತುಮಾಡಿದ ಲೆಕ್ಕದಲ್ಲಿ ಹೊಡೆದು, ಆಮೇಲೆ ಕಿವಿಗೊಟ್ಟು ಕೇಳಬೇಕು.

ಮೇಲಿನವರಿಗೆ ಹುಡುಕುವುದು ಎಷ್ಟು ಕಷ್ಟ ಅಂತ ಮಲ್ಪೆಯವರಿಗೆ ನಾನು ಹೇಳಬೇಕಿಲ್ಲ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯಿತು. ಅದರ ಅವಶೇಷ ಸಿಕ್ಕಿದ್ದು 2019ರ ಮೇ ಆರಂಭದಲ್ಲಿ, ಮಹಾರಾಷ್ಟ್ರದ ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ಆಚೆ, 60 ಮೀಟರ್‌ನಷ್ಟು ಆಳದಲ್ಲಿ. ಹುಡುಕಿಕೊಟ್ಟದ್ದು ಐ.ಎನ್.ಎಸ್. ನಿರೀಕ್ಷಕ್. ಸಬ್‌ಮರೀನ್ ರಕ್ಷಣೆಗೂ ಬಳಸುವ ಡೈವಿಂಗ್ ಹಡಗು ಅದು. ಸದ್ದು ಕಳಿಸಿ ತಳ ನೋಡುವ ಸೋನಾರ್‌ನಿಂದ ತಳ ಬಾಚಿ, ಡೈವರ್‌ಗಳನ್ನು ಇಳಿಸಿ ನೋಡಿ ಖಚಿತ ಮಾಡಿದರು. ಆ ನಾಲ್ಕೂವರೆ ತಿಂಗಳು ಬಂದರಿನಲ್ಲಿ ಮನೆಯವರು ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ಅವತ್ತು ಕೇಳಿದ ಪ್ರಶ್ನೆಯ ಹಿಂದೆ ಆ ದಿನಗಳೂ ಇದ್ದವು.

ಇಳಿದು, ಅಂಟಿಕೊಂಡು, ತೆಗೆಯುವುದು

1927ರ ಡಿಸೆಂಬರ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಎಸ್-4 ಎಂಬ ಸಬ್‌ಮರೀನ್ ಮುಳುಗಿತು. ಟಾರ್ಪಿಡೊ ಕೋಣೆಯಲ್ಲಿ ಆರು ಜನ ಬದುಕಿದ್ದರು. ಡೈವರ್ ಇಳಿದು ಗೋಡೆ ತಟ್ಟಿದಾಗ ಅವರೂ ತಟ್ಟಿ ಉತ್ತರ ಕೊಟ್ಟರು. ಆದರೆ ಬಿರುಗಾಳಿ ಎದ್ದಿತು. ಅವರನ್ನು ತೆಗೆಯುವ ಸಾಧನ ಆಗ ಯಾರ ಹತ್ತಿರವೂ ಇರಲಿಲ್ಲ. ಆಸೆ ಇದೆಯಾ ಅಂತ ಅವರು ಸುತ್ತಿಗೆಯಲ್ಲಿ ಕೇಳಿದ್ದರು. ಯಾರೂ ಉಳಿಯಲಿಲ್ಲ.

ಚಾರ್ಲ್ಸ್ ಮಾಮ್ಸೆನ್ ಎಂಬ ಅಧಿಕಾರಿ ಈ ಸಾವುಗಳನ್ನು ಮರೆಯಲಿಲ್ಲ. ಘಂಟೆಯ ಆಕಾರದ ಒಂದು ಉಕ್ಕಿನ ಕೋಣೆ ಮಾಡಿ, ಅದನ್ನು ಹ್ಯಾಚ್ ಮೇಲೆ ಕೂರಿಸಬೇಕು ಎಂಬ ಯೋಚನೆ ಅವನದು. ಅಲನ್ ಮೆಕ್ಯಾನ್ ಅದನ್ನು ಪೂರ್ತಿ ಮಾಡಿದ. ಆ ಕೋಣೆ ಕೆಲಸಕ್ಕೆ ಬಂದದ್ದು 1939ರಲ್ಲಿ.

ಮೇ 23ರ ಬೆಳಿಗ್ಗೆ ಸ್ಕ್ವಾಲಸ್ ಪರೀಕ್ಷೆಗೆಂದು ಮುಳುಗಿತು. ಎಂಜಿನ್‌ಗೆ ಗಾಳಿ ಎಳೆಯುವ ದೊಡ್ಡ ವಾಲ್ವ್ ಮುಚ್ಚಲಿಲ್ಲ. ಹಿಂದಿನ ಕೋಣೆಗಳು ತುಂಬಿ 74 ಮೀಟರ್, ಅಂದರೆ 40 ಮಾರು ತಳದಲ್ಲಿ ಕೂತಿತು. 59 ಜನರಲ್ಲಿ 26 ಮಂದಿ ಹೋದರು. ಮುಂದಿನ ಭಾಗದಲ್ಲಿ 33 ಮಂದಿ. ಕಮಾಂಡರ್ ಆಲಿವರ್ ನಾಕ್ವಿನ್ ಎಲ್ಲರನ್ನೂ ಮಲಗಿಸಿದ, ಮಾತು ನಿಲ್ಲಿಸಿದ, ಬೆಂಡು ಬಿಡಿಸಿದ, ಕೆಂಪು ರಾಕೆಟ್ ಹಾರಿಸಿದ. ಹುಡುಕಿಕೊಂಡು ಬಂದ ಸ್ಕಲ್ಪಿನ್ ಎಂಬ ಇನ್ನೊಂದು ಸಬ್‌ಮರೀನ್ ಅದನ್ನು ಕಂಡು ಬೆಂಡಿನ ಫೋನ್ ಎತ್ತಿತು. ಮಾತು ಶುರುವಾಗುವಷ್ಟರಲ್ಲಿ ಅಲೆಗೆ ತಂತಿ ತುಂಡಾಯಿತು. ಆಮೇಲೆ ಎಲ್ಲ ಸುತ್ತಿಗೆಯ ಮಾತು.

ಮರುದಿನ ಫಾಲ್ಕನ್ ಹಡಗು ರಕ್ಷಣಾ ಕೋಣೆಯನ್ನು ತಂದಿತು. ಡೈವರ್ ಮಾರ್ಟಿನ್ ಸಿಬಿಟ್ಸ್ಕಿ ಮೊದಲು ಇಳಿದು ಹ್ಯಾಚ್‌ನ ಕೊಂಡಿಗೆ ಒಂದು ತಂತಿ ಸಿಕ್ಕಿಸಿದ. ಕೋಣೆಯ ಒಳಗಿನ ರಾಟೆ ಆ ತಂತಿಯನ್ನು ಸುತ್ತಿಕೊಳ್ಳುತ್ತಾ ಕೋಣೆಯನ್ನೇ ಕೆಳಗೆ ಎಳೆದುಕೊಂಡಿತು. ಹ್ಯಾಚ್ ಸುತ್ತಲಿನ ಸಮತಟ್ಟಾದ ಉಂಗುರದ ಮೇಲೆ ಕೂತ ಮೇಲೆ ಅಡಿಭಾಗದ ನೀರನ್ನು ಹೊರಹಾಕಿದರು.

ಇಲ್ಲಿರುವ ಉಪಾಯವೇ ಇವತ್ತಿಗೂ ಉಳಿದಿದೆ. ಬಚ್ಚಲಿನ ಟೈಲ್ಸ್‌ಗೆ ಒತ್ತಿ ಅಂಟಿಸುವ ರಬ್ಬರ್ ಹುಕ್ ನೋಡಿದ್ದೀರಲ್ವಾ? ಒಳಗಿನ ಗಾಳಿ ಹೊರಹೋದರೆ ಹೊರಗಿನ ಗಾಳಿ ಅದನ್ನು ಒತ್ತಿ ಹಿಡಿಯುತ್ತದೆ. ಇಲ್ಲಿ ಒತ್ತುವುದು ಕಡಲು. ಒಂದೂವರೆ ಮೀಟರ್ ಅಗಲದ ಉಂಗುರವಾದರೆ, 100 ಮೀಟರ್ ಆಳದಲ್ಲಿ ನೀರು ಸುಮಾರು 175 ಟನ್ ಬಲದಿಂದ ಒತ್ತಿ ಹಿಡಿಯುತ್ತದೆ. ಬೇರೆ ಬೋಲ್ಟೇ ಬೇಡ ಅನ್ನುವಷ್ಟು. ಲಾರಿಯ ಹಾಗೆ ಹ್ಯಾಚ್ ಮೇಲೆ ಕೂತಿದ್ದ ಭಾರ ಈಗ ರಕ್ಷಿಸುವವರ ಪರವಾಗಿ ಕೆಲಸ ಮಾಡುತ್ತದೆ. ಒಳಗೆ ಒಣಗಿದೆ, ಒತ್ತಡ ಸಮ ಇದೆ ಅಂತ ನೋಡಿಕೊಂಡು ಹ್ಯಾಚ್ ತೆಗೆಯಬಹುದು.

ಮೊದಲ ಸಲ ಏಳು ಜನ ಮೇಲೆ ಬಂದರು. ಆಮೇಲೆ ಒಂಬತ್ತು, ಮತ್ತೆ ಒಂಬತ್ತು. ನಾಲ್ಕನೇ ಸಲ ಉಳಿದ ಎಂಟು ಜನ. ಕಮಾಂಡರ್ ಕೊನೆಯಲ್ಲಿ ಹತ್ತಿದ. ಬರುವ ದಾರಿಯಲ್ಲಿ ರಾಟೆ ಸಿಕ್ಕಿಕೊಂಡಿತು. ಎಳೆಯುತ್ತಿದ್ದ ತಂತಿಯ ಎಳೆಗಳು ಒಂದೊಂದಾಗಿ ಹರಿದವು. ಕೋಣೆಯನ್ನು ಮತ್ತೆ ತಳಕ್ಕೆ ಇಳಿಸಿ, ಕೆಳಗಿನ ತಂತಿ ಕತ್ತರಿಸಿ, ಕೊನೆಗೆ ಡೆಕ್ ಮೇಲಿದ್ದವರು ಕೈಯಿಂದಲೇ ಎಳೆದರು. ರಂಪಣಿ ಬಲೆ ಎಳೆದವರಿಗೆ ಗೊತ್ತು, ಎಲ್ಲರ ಕೈ ಒಂದೇ ಲಯದಲ್ಲಿ ಹೋಗಬೇಕು, ಜೋರು ಮಾಡಬಾರದು. ಮಧ್ಯರಾತ್ರಿ ದಾಟಿದ ಮೇಲೆ ಕೋಣೆ ನೀರಿನ ಮೇಲೆ ಬಂತು. 33 ಜನರೂ ಬದುಕಿದರು. ಎಸ್-4ರವರ ಪ್ರಶ್ನೆಗೆ ಹನ್ನೆರಡು ವರ್ಷಕ್ಕೆ ಉತ್ತರ ಸಿಕ್ಕಿತು. ಆ ಹನ್ನೆರಡು ವರ್ಷವೂ ಯಾರೋ ಕೂತು ಕೆಲಸ ಮಾಡಿದ್ದರಿಂದ ಸಿಕ್ಕಿತು.

ಈಗ ಈ ಕೋಣೆಯ ಜಾಗದಲ್ಲಿ ತಾನೇ ಓಡಾಡುವ ಪುಟ್ಟ ಸಬ್‌ಮರೀನ್ ಇದೆ. ಡಿ.ಎಸ್.ಆರ್.ವಿ. ಅನ್ನುತ್ತಾರೆ. ನಮ್ಮ ನೌಕಾಪಡೆಗೆ ಎರಡು ಇವೆ. ಮೊದಲನೆಯದು 2018ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಸೇವೆಗೆ ಸೇರಿತು, ಎರಡನೆಯದರ ನೆಲೆ ವಿಶಾಖಪಟ್ಟಣ. 650 ಮೀಟರ್‌ವರೆಗೆ ಇಳಿದು ಒಂದು ಸಲಕ್ಕೆ 14 ಜನರನ್ನು ತರಬಲ್ಲದು. ನಾನಿದ್ದಾಗ ಇದು ಇರಲಿಲ್ಲ. ಅದು ಬಂದ ಸುದ್ದಿ ಓದಿದ ದಿನ ನನಗಾದ ಸಮಾಧಾನ ಹೇಳಲಾರೆ. 2025ರ ಜುಲೈನಲ್ಲಿ ಇದಕ್ಕೆ ತಾಯಿಹಡಗಾಗಿ ಐ.ಎನ್.ಎಸ್. ನಿಸ್ತಾರ್ ಕೂಡ ಸೇರಿದೆ. ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ್ದು.

ಕೆಲಸದ ಕ್ರಮ ಹೀಗೆ. ತಾಯಿಹಡಗು ಮುಳುಗಿದ ಜಾಗದ ನೇರ ಮೇಲೆ ನಿಲ್ಲುತ್ತದೆ. ಗಾಳಿ, ಅಲೆ, ಸೆಳೆತ ಇದ್ದರೂ ಅದು ಕದಲಬಾರದು. ಮೊದಲು ಮನುಷ್ಯರಿಲ್ಲದ ಕ್ಯಾಮೆರಾ ಯಂತ್ರ ಇಳಿಯುತ್ತದೆ. ಸಬ್‌ಮರೀನ್ ಎಷ್ಟು ವಾಲಿದೆ, ಹ್ಯಾಚ್ ಮೇಲೆ ಬಲೆ, ಹಗ್ಗ, ತುಂಡು ಏನಾದರೂ ಬಿದ್ದಿದೆಯಾ ಅಂತ ನೋಡಿ ಸ್ವಚ್ಛ ಮಾಡುತ್ತದೆ. ಒಳಗಿನವರಿಗೆ ಉಸಿರು ಸಾಲದೆ ಹೋದರೆ ಗಟ್ಟಿ ಡಬ್ಬಗಳಲ್ಲಿ ಪರದೆ, ಆಮ್ಲಜನಕ, ಮದ್ದು, ಆಹಾರ ತುಂಬಿ ಕಳಿಸಬಹುದು. ಹೀಗೆ ಹೊತ್ತು ಸಿಕ್ಕಿದರೆ ಅವಸರ ಬೇಡ. ಆಮೇಲೆ ಡಿ.ಎಸ್.ಆರ್.ವಿ. ಇಳಿದು ಹ್ಯಾಚ್ ಮೇಲೆ ಕೂರುತ್ತದೆ, ನೀರು ಖಾಲಿ ಮಾಡುತ್ತದೆ, ಒತ್ತಡ ಸಮ ಮಾಡುತ್ತದೆ, ತಟ್ಟುತ್ತದೆ. 52 ಜನರ ಸಿಬ್ಬಂದಿ ಪೂರ್ತಿ ಉಳಿದಿದ್ದರೆ ನಾಲ್ಕು ಸಲ ಹೋಗಿ ಬರಬೇಕು. ಯಾರು ಮೊದಲು ಅನ್ನುವುದನ್ನು ಒಳಗಿನ ಹಿರಿಯರು ಮೊದಲೇ ಬರೆದಿಟ್ಟಿರಬೇಕು. ಗಾಯಾಳುಗಳನ್ನು ಎತ್ತಿ ಏರಿಸಲು ಕೈಕಾಲು ಗಟ್ಟಿ ಇರುವವರು ಕೊನೆವರೆಗೂ ಕೆಳಗೆ ಬೇಕು.

ಹತ್ತಿರದಲ್ಲಿ ಯಾರ ಹತ್ತಿರ ಸಾಧನ ಇದೆಯೋ ಅವರನ್ನು ಕರೆಯಲು ನಾಚಬಾರದು. ಕುರ್ಸ್ಕ್‌ನಲ್ಲಿ ಹೊರದೇಶದ ನೆರವು ತಡವಾಯಿತು. ಆಗಸ್ಟ್ 21ಕ್ಕೆ ನಾರ್ವೆಯ ಡೈವರ್‌ಗಳು ಹ್ಯಾಚ್ ತೆಗೆದಾಗ ಒಳಗೆ ನೀರು. ಇದಾದ ಮೇಲೆ 2003ರಲ್ಲಿ ಇಸ್ಮೆರ್ಲೊ ಎಂಬ ಕಚೇರಿ ಶುರುವಾಯಿತು. ಯಾವ ದೇಶದ ಸಾಧನ ಎಲ್ಲಿದೆ, ಎಷ್ಟು ಬೇಗ ಬರುತ್ತದೆ ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ನಂಗಾಲಾ ಕಾಣೆಯಾದಾಗ ನಮ್ಮ ಡಿ.ಎಸ್.ಆರ್.ವಿ. ಕೂಡ ವಿಶಾಖಪಟ್ಟಣದಿಂದ ಮರುದಿನವೇ ಹೊರಟಿತ್ತು.

ತಾವೇ ಹೊರಬರಬೇಕಾದಾಗ

ಸಾಧ್ಯ ಇರುವಷ್ಟು ಹೊತ್ತು ಕಾಯಬೇಕು. ನೀರು ಏರುತ್ತಿದೆ, ಬೆಂಕಿ ಇದೆ, ಅಥವಾ ಗಾಳಿ ಕೆಟ್ಟಿದೆ ಅಂದಾಗ ಮಾತ್ರ ತಾವೇ ಹೊರಡಬೇಕು. ಇದಕ್ಕೆ ಮೈ ಮುಚ್ಚುವ, ತಲೆಗೆ ಗಾಳಿಚೀಲ ಇರುವ ಸೂಟ್ ಇದೆ. 180 ಮೀಟರ್‌ವರೆಗಿನ ಆಳಕ್ಕೆ ಮಾಡಿದ ಸೂಟುಗಳಿವೆ. ಸಣ್ಣ ಕೋಣೆಗೆ ಹೋಗಿ, ನೀರು ತುಂಬಿಸಿ, ಹೊರಗಿನ ಒತ್ತಡಕ್ಕೆ ಸಮ ಮಾಡಿದರೆ ಆ 28 ಟನ್ ಭಾರ ಇಲ್ಲವಾಗುತ್ತದೆ. ಹ್ಯಾಚ್ ತೆರೆಯುತ್ತದೆ.

ಸೂಟ್ ಇಲ್ಲದೆ ಏರುವವರು ಒಂದು ವಿಷಯ ಮರೆಯಬಾರದು. ಉಸಿರು ಹಿಡಿಯಬೇಡಿ, ಬಿಡುತ್ತಲೇ ಇರಿ. ಆಳದಿಂದ ಗಾಳ ಎಳೆದಾಗ ಮುರು ಮೀನಿನ ಗಾಳಿಚೀಲ ಉಬ್ಬಿ, ಅದರ ಜಠರವನ್ನೇ ಬಾಯಿಯಿಂದ ಹೊರಗೆ ತಳ್ಳಿದ್ದು ನೋಡಿದ್ದೀರಿ. ನಮ್ಮ ಶ್ವಾಸಕೋಶವೂ ಆ ಗಾಳಿಚೀಲದ ಹಾಗೇ ಉಬ್ಬುತ್ತದೆ. 30 ಮೀಟರ್ ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬರುವಾಗ ನಾಲ್ಕು ಪಟ್ಟು ಹಿಗ್ಗುತ್ತದೆ.

ಹೊರಬಂದ ಮಾತ್ರಕ್ಕೆ ಬದುಕಿದಂತೆ ಅಲ್ಲ. 1950ರ ಜನವರಿ 12ರ ಸಂಜೆ ಬ್ರಿಟನ್‌ನ ಟ್ರುಕುಲೆಂಟ್ ಥೇಮ್ಸ್ ನದಿಮುಖದಲ್ಲಿ ಒಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಒಳಗಿದ್ದವರಲ್ಲಿ ಹೆಚ್ಚಿನವರು ಸರಿಯಾಗಿಯೇ ಹೊರಬಂದರು. ಆದರೆ ಮೇಲೆ ಕತ್ತಲು, ಕೊರೆಯುವ ನೀರು, ಎತ್ತಿಕೊಳ್ಳಲು ಯಾರೂ ಇಲ್ಲ. ಸೆಳೆತಕ್ಕೆ ಸಿಕ್ಕಿ ಕಡಲಿಗೆ ಹೋದರು. 64 ಜನ ಸತ್ತರು. ಮೇಲೆ ಹಡಗು ಬಂದಿದೆ ಅಂತ ಗೊತ್ತಾದ ಮೇಲೆ ಹೊರಡುವುದು ಯಾಕೆ ಒಳ್ಳೆಯದು ಅಂತ ಇದರಿಂದ ತಿಳಿಯುತ್ತದೆ.

ಒಳಗಿನ ಒತ್ತಡ ಏರಿದ್ದರೆ ಡಿ.ಎಸ್.ಆರ್.ವಿ.ಯಲ್ಲಿ ಬಂದವರನ್ನೂ ನೇರವಾಗಿ ಹೊರಗಿನ ಗಾಳಿಗೆ ಬಿಡುವುದಿಲ್ಲ. ರಕ್ತದಲ್ಲಿ ಕರಗಿದ ಗಾಳಿ ಸೋಡಾ ಬಾಟ್ಲಿ ತೆಗೆದ ಹಾಗೆ ಗುಳ್ಳೆ ಕಟ್ಟುತ್ತದೆ. ಹಡಗಿನ ಮೇಲೆ ಒತ್ತಡದ ಕೋಣೆ ಇರುತ್ತದೆ. ಅದರೊಳಗೆ ಇರಿಸಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಮನೆಯವರು ಗಾಜಿನ ಕಿಂಡಿಯಲ್ಲಿ ನೋಡಬಹುದು, ಮುಟ್ಟುವ ಹಾಗಿಲ್ಲ.

ಬೋಟಿನವರಿಗೆ

ಕಡಲಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಣ್ಣುಗಳಿರುವುದು ನಿಮ್ಮವು. ಹಾಗಾಗಿ ಮೊದಲು ಕಾಣುವುದೂ ನಿಮಗೇ ಇರಬಹುದು. ನಮ್ಮ ಕಡಲಲ್ಲಿ ಸಬ್‌ಮರೀನ್ ಓಡಾಟ ಇದೆ. 2024ರ ನವೆಂಬರ್ 21ರಂದು ಗೋವಾದಿಂದ ಸುಮಾರು 70 ನಾಟಿಕಲ್ ಮೈಲಿ ಆಚೆ ಮಾರ್ತೋಮಾ ಎಂಬ ಮೀನುಗಾರಿಕಾ ಬೋಟಿಗೂ ನೌಕಾಪಡೆಯ ಸಬ್‌ಮರೀನಿಗೂ ಡಿಕ್ಕಿಯಾಯಿತು. ಬೋಟಿನ 13 ಜನರಲ್ಲಿ 11 ಮಂದಿ ಬದುಕಿದರು.

ಕೆಲವು ವರ್ಷದ ಹಿಂದೆ ಪರಿಚಯದ ತಾಂಡೇಲರೊಬ್ಬರು, ಅಂದರೆ ಬೋಟ್ ನಡೆಸುವವರು, ಒಂದು ಬೆಂಡಿನ ದೀಪವನ್ನು ರಿಪೇರಿಗೆ ತಂದಿದ್ದರು. ಒಳ್ಳೆ ರೋಪ್ ಇತ್ತು, ಕತ್ತರಿಸಿ ತಂದೆವು ಅಂದರು. ಅದು ಹವಾಮಾನ ಅಳೆಯುವ ಬೆಂಡು. ಅವತ್ತು ನಾನು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಥರದ ಬೆಂಡು ಇದ್ದಿದ್ದರೆ?

ಕೆಂಪು, ಕಿತ್ತಳೆ ಅಥವಾ ಬಿಳಿ ಬಣ್ಣದ, ದೀಪ ಮಿನುಗುವ, ಏರಿಯಲ್ ಇರುವ ಗುರುತಿಲ್ಲದ ಬೆಂಡು ಕಂಡರೆ ಮೇಲೆ ಎತ್ತಬೇಡಿ. ರೋಪ್, ತಂತಿ ಎಳೆಯಬೇಡಿ, ಕಟ್ಟಬೇಡಿ, ಕತ್ತರಿಸಬೇಡಿ. ಜಿಪಿಎಸ್‌ನಲ್ಲಿ ಜಾಗ ಗುರುತು ಮಾಡಿ, ಹೊತ್ತು ಬರೆದಿಡಿ. ವಿ.ಎಚ್.ಎಫ್. ಚಾನೆಲ್ 16ರಲ್ಲಿ ಹೇಳಿ. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ. ಬೆಂಡಿನ ಮೇಲೆ ಬರೆದದ್ದನ್ನು ಫೋಟೊ ತೆಗೆಯಿರಿ. ಕೆಂಪು ಹೊಗೆ ಅಥವಾ ಕೆಂಪು ರಾಕೆಟ್ ಕಂಡರೂ ಹೀಗೇ.

ಆ ಜಾಗದ ಸುತ್ತ ಬಲೆ ಎಳೆಯಬೇಡಿ. ಬಿಟ್ಟಿದ್ದರೆ ಎತ್ತಿಕೊಳ್ಳಿ. 2005ರ ಆಗಸ್ಟ್‌ನಲ್ಲಿ ರಷ್ಯಾದ ಕಮ್ಚಾಟ್ಕಾ ಕಡಲಲ್ಲಿ ಎ.ಎಸ್.-28 ಎಂಬ ರಕ್ಷಣಾ ಸಬ್‌ಮರೀನೇ ಬಲೆ ಮತ್ತು ಕೇಬಲ್‌ಗೆ ಸಿಕ್ಕಿ 190 ಮೀಟರ್ ಆಳದಲ್ಲಿ ನಿಂತಿತು. ಏಳು ಜನ ಮೂರು ದಿನ ಒಳಗಿದ್ದರು. ಬ್ರಿಟನ್‌ನ ಸ್ಕಾರ್ಪಿಯೊ ಯಂತ್ರ ಇಳಿದು ಕತ್ತರಿಸಿದ ಮೇಲೆ ಏಳೂ ಜನ ಮೇಲೆ ಬಂದರು. ಒಂದು ಬಲೆ ಸಾಕು, ಹ್ಯಾಚ್ ಮೇಲೆ ಬಿದ್ದರೆ ಡಿ.ಎಸ್.ಆರ್.ವಿ. ಕೂರಲಾರದು.

ಎಂಜಿನ್ ಆಫ್ ಮಾಡಿ, ತೇಲುತ್ತಾ ನಿಲ್ಲಿ. ನಿಮ್ಮ ಎಂಜಿನ್ ಸದ್ದಿಗೆ ಕೆಳಗಿನ ಸುತ್ತಿಗೆ ಸದ್ದು ಯಾರಿಗೂ ಕೇಳುವುದಿಲ್ಲ. ನೀರಿನಲ್ಲಿ ತಲೆಗಳು ಕಂಡರೆ ಮಾತ್ರ ನಿಧಾನವಾಗಿ ಹತ್ತಿರ ಹೋಗಿ. ನೇರ ಆ ಜಾಗದ ಮೇಲೆ ಬೇಡ, ಇನ್ನೂ ಜನ ಏರಿ ಬರುತ್ತಿರಬಹುದು, ಕೆಳಗೆ ನಿಮ್ಮ ಪ್ರೊಪೆಲ್ಲರ್ ಇದೆ. ಎತ್ತಿದವರನ್ನು ಮಲಗಿಸಿ, ಒದ್ದೆ ಬಟ್ಟೆ ತೆಗೆದು ಹೊದಿಸಿ. ಅವರು ಚೆನ್ನಾಗಿದ್ದೇವೆ ಅಂದರೂ ಎದ್ದು ಓಡಾಡಲು ಬಿಡಬೇಡಿ. ಗಂಟು ನೋವು, ಜೋಮು, ಉಸಿರಾಟದ ತೊಂದರೆ ಇದ್ದರೆ ಚಾನೆಲ್ 16ರಲ್ಲಿ ತಕ್ಷಣ ಹೇಳಿ. ಕೆಳಗೆ ಇನ್ನೂ ಎಷ್ಟು ಜನ ಇದ್ದಾರೆ ಅಂತ ಮೊದಲು ಸಿಕ್ಕಿದವರನ್ನೇ ಕೇಳಿ ಬರೆದುಕೊಳ್ಳಿ.

ಕೋಸ್ಟ್ ಗಾರ್ಡ್ ಅಥವಾ ನೌಕಾಪಡೆಯ ಹಡಗು ಬಂದು ಹೊರಡಿ ಅನ್ನುವ ತನಕ ಬೆಂಡು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಿ. ರಾತ್ರಿಯಾದರೆ ದೀಪ ಹಾಕಿಡಿ. ಡೀಸೆಲ್, ಐಸ್ ಮುಗಿಯುತ್ತಾ ಬಂದರೆ ವೈರ್‌ಲೆಸ್‌ನಲ್ಲಿ ಹತ್ತಿರದ ಇನ್ನೊಂದು ಬೋಟ್ ಕರೆಯಿರಿ. ಅವರು ಬಂದು ಬೆಂಡು ನೋಡಿಕೊಂಡ ಮೇಲೆ ಮಲ್ಪೆಗೆ ತಿರುಗಿಸಿ.